ಕೊನೆಯ ಆರು ಮನೆ

ಜನವರಿ 11, ಭಾನುವಾರ

ಇವತ್ತು ಒಂಬತ್ತು ಮನೆ. ಒಟ್ಟು ಮೂವತ್ನಾಲ್ಕು. ಎಲ್ಲ ಕಡೆ ಅದೇ ಪ್ರಶ್ನೆ — ಹೋದ ಸಲ ಹೊಳೆ ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂತು? ಮನೆಯವರು ಗೋಡೆಯ ಮೇಲೆ ಕೈ ಇಡುತ್ತಾರೆ, ನಾನು ನೆಲದಿಂದ ಟೇಪ್ ಹಿಡಿಯುತ್ತೇನೆ. ಆರು ವರ್ಷವಾದರೂ ಯಾರೂ ತಡಕಾಡುವುದಿಲ್ಲ. ಕೈ ನೇರ ಅದೇ ಜಾಗಕ್ಕೆ ಹೋಗುತ್ತದೆ.

ಉಳಿದದ್ದು ಕೊನೆಯ ಓಣಿ, ಆರು ಮನೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದಿದೆ. ನಾಳೆ ನೋಡೋಣ.

ಅಕ್ಕ ಬ್ಯಾಂಡೇಜ್ ಕೊಟ್ಟಳು, ಜೊತೆಗೆ ಮಾತೂ. "ನಲವತ್ತು ಹತ್ರ ಬಂದ್ಮೇಲೆ ಭೂಗೋಳದಲ್ಲಿ ಎಂ.ಎ. ಬೇಕಿತ್ತಾ? ಊರೆಲ್ಲ ಅಳೆದಿದ್ದಾಯ್ತು, ನಮ್ಮ ಅಡುಗೆಮನೆ ಕಡೆಗೂ ಒಂದ್ಸಲ ಬಾ."

ಜನವರಿ 14, ಬುಧವಾರ

ಓಣಿಯ ಬಾಯಲ್ಲಿ ನಿಂತು ನೋಡಿ ವಾಪಸ್ ಬಂದೆ. ರಸ್ತೆ ಒಳಗೆ ಹೋಗುತ್ತಾ ಏರುತ್ತದೆ. ನೀರು ಏರು ಹತ್ತುವುದಿಲ್ಲ, ಮೂರನೇ ಕ್ಲಾಸಿನ ಪಾಠ. 34ನೇ ಮನೆಯಲ್ಲಿ ಎಂಬತ್ತು ಸೆಂಟಿಮೀಟರ್. ಮನೆಗೆ ಹದಿನೈದರಂತೆ ಕಳೆದೆ — 65, 50, 35, 20, 5, 0. ತೀರಾ ನೀಟಾಗಿ ಕಂಡಿತು. 63, 51, 36, 18, 6, 0 ಎಂದು ತಿದ್ದಿದೆ.

ಶಾಯಿ ಆರುವ ಮೊದಲೇ ಪುಸ್ತಕ ಮುಚ್ಚಿದೆ.

ಏಪ್ರಿಲ್ 17, ಶುಕ್ರವಾರ

ವೈವಾ ಮುಗಿಯಿತು. ಫಸ್ಟ್ ಕ್ಲಾಸ್. ಗೈಡ್ ಮೇಡಂ ಎಲ್ಲರೆದುರು ನನ್ನ ನೆರೆ ಮ್ಯಾಪ್ ಬಿಡಿಸಿ ಹಿಡಿದರು. "ಈಗಿನವ್ರು ಕೂತಲ್ಲೇ ಮ್ಯಾಪ್ ಮಾಡ್ತಾರೆ. ಇವಳು ನಲವತ್ತು ಮನೆ ಹೊಸ್ತಿಲು ತುಳಿದಿದ್ದಾಳೆ."

ತಲೆ ತಗ್ಗಿಸಿದೆ. ವಿನಯ ಅಂದುಕೊಂಡರು.

ಅಕ್ಕ ಮ್ಯಾಪಿಗೆ ಫ್ರೇಮ್ ಹಾಕಿಸಿ ತಂದಿದ್ದಾಳೆ. ಊಟದ ಮೇಜಿನ ಎದುರಿಗೇ...

ಮೇ 28, ಗುರುವಾರ

ಮೇಡಂ ಫೋನ್. ನಗರಸಭೆಯವರು ಮ್ಯಾಪ್ ತೆಗೆದುಕೊಂಡಿದ್ದಾರಂತೆ. ಹೊಳೆ ಏರಿದರೆ ಅದರಲ್ಲಿ ನಾನೆಳೆದ ಕೆಂಪು ಗೆರೆಯ ಒಳಗಿನ ಮನೆಗಳಿಗೆ ಮಾತ್ರ ಎಚ್ಚರಿಕೆ, ಅವರಿಗೇ ವ್ಯಾನ್. ನಲವತ್ತನೇ ಮನೆ ಗೆರೆಯಿಂದ ಆಚೆ. ಆಚೆ ಇಟ್ಟವಳು ನಾನು.

"ಸಂತೋಷ ಮೇಡಂ" ಎಂದೆ.

ಜೂನ್ 2, ಮಂಗಳವಾರ

ಮೊದಲ ಬಾರಿಗೆ ಓಣಿಯ ಒಳಗೆ ಹೋದೆ. ನಲವತ್ತನೇ ಮನೆಯಲ್ಲಿ ಒಬ್ಬ ಟೇಲರ್ ಹೆಂಗಸು, ಒಬ್ಬರೇ ಇರುವುದು. ಅರವತ್ತರ ಮೇಲೆ. ಕಾಲೇಜು ಎಂದ ಕೂಡಲೇ ಕುರ್ಚಿ ಒರೆಸಿದರು.

"ಆ ಮ್ಯಾಪ್ ನಿಮ್ದೇನಾ? ನಮ್ಮನೆಗೆ ಭಯ ಇಲ್ಲ ಅಂದ್ರು ಆಫೀಸಿನವ್ರು. ಆರು ವರ್ಷದಿಂದ ಮಿಷನ್ ಅಟ್ಟದ ಮೇಲೇ ಇತ್ತು, ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹೋಯ್ತು. ಮೊನ್ನೆ ಕೆಳಗಿಳಿಸಿದೆ. ಹಾಸಿಗೇನೂ."

ಹೋದ ಸಲ ನೀರು ಎಲ್ಲಿಗೆ ಬಂದಿತ್ತು ಎಂದೆ. ಕೈ ಗೋಡೆಗೆ ಹೋಯಿತು. ನನ್ನ ಭುಜಕ್ಕಿಂತ ಮೇಲೆ. ಟೇಪ್ ಹಿಡಿದೆ: 142.

"ರಸ್ತೆ ಏರಿದೆಯಲ್ಲ..."

"ರಸ್ತೆ ಏರು. ಮನೆ ಹಿಂದೆ ತಗ್ಗು. ನೀರು ಹಿಂದಿನ ಚರಂಡಿಯಿಂದ ನುಗ್ಗಿದ್ದು." ಆಮೇಲೆ ಅವರೇ ನನ್ನನ್ನು ಸಮಾಧಾನ ಮಾಡುವವರಂತೆ, "ಇರ್ಲಿ ಬಿಡಿ. ನೀವು ಅಳೆದಿದ್ದೀರಿ, ಓದಿದವ್ರು. ನಂದೇ ತಪ್ಪು ನೆನಪಿರಬೇಕು."

ಅವರು ಕೊಟ್ಟ ನೀರು ಕುಡಿದೆ. ನಿಜ ಹೇಳದೆ ಎದ್ದು ಬಂದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಜೂನ್ 5, ಶುಕ್ರವಾರ

ಅಕ್ಕನಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಡಿಗ್ರಿ ಹೋಗುತ್ತಾ?"

"ಹೋಗಬಹುದು."

"ಆ ಹೆಂಗಸಿಗೆ ಈಜು ಬರುತ್ತಾ?"

ಅಕ್ಕ ಎದ್ದು ಹೋಗಿ ಫ್ರೇಮ್ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು.

ಜೂನ್ 8, ಸೋಮವಾರ. ಬೆಳಿಗ್ಗೆ 11

ಎರಡು ದಿನದಿಂದ ಮೋಡ. ಏಳಕ್ಕೇ ಟೇಪ್ ಹಿಡಿದು ಹೋದೆ. ಆರು ಮನೆ, ಐವತ್ತು ನಿಮಿಷ. ಅಷ್ಟೇ ಕೆಲಸ ಇದ್ದದ್ದು. 91, 104, 110, 123, 137, 142. ಒಂದೂ ನನ್ನ ಅಂಕಿಯ ಹತ್ತಿರಕ್ಕೂ ಇಲ್ಲ.

ಟೇಲರಮ್ಮನಿಗೆ ಮಿಷನ್ ಮತ್ತೆ ಮೇಲೆ ಇಡೋಣ ಎಂದೆ. ಒಂದು ಕಡೆ ಅವರು, ಒಂದು ಕಡೆ ನಾನು. ಅರ್ಧ ಮೆಟ್ಟಿಲಲ್ಲಿ ನಿಂತು ಕೇಳಿದರು, "ಮ್ಯಾಪಲ್ಲಿ ಬೇರೆ ಇದೆಯಂತಲ್ಲ?"

"ಅದನ್ನ ಇಲ್ಲಿಗೆ ಬರದೇ ಬರೆದೆ."

ಅವರು ಮಿಷನ್ ಬಿಡಲಿಲ್ಲ. ಮೇಲೆ ಇಟ್ಟ ಮೇಲೆ ಕೆಳಗಿಳಿದು, ನಾನು ಹೊರಬಂದ ಕೂಡಲೇ ಬಾಗಿಲು ಹಾಕಿಕೊಂಡರು.

ಈಗ ಡಿಪಾರ್ಟ್‌ಮೆಂಟಿನ ಬೆಂಚಿನ ಮೇಲೆ. ಮೇಡಂ ಒಳಗಿನಿಂದ ಕೂಗಿದರು, "ಬಾರೇ, ಈ ವರ್ಷದವ್ರಿಗೆ ನಿನ್ನ ಮ್ಯಾಪೇ ತೋರಿಸ್ತಿದ್ದೆ."

ಎದುರು ಕೂತರೆ ಮಾತು ತಿರುಗಿಸಿಬಿಡುತ್ತೇನೆ, ನನಗೆ ನಾನು ಗೊತ್ತು. ಮೊದಲ ವಾಕ್ಯ ಇಲ್ಲೇ ಬರೆದುಕೊಂಡು ಹೋಗಿ ಓದಿಬಿಡಬೇಕು — ಮೇಡಂ, ಮೂವತ್ತೈದರಿಂದ ನಲವತ್ತರವರೆಗೆ ನಾನು