ಅರವತ್ತೊಂದು ಹಾಡು, ಒಂದು ಸಾಲು

ದೊಡ್ಡಮ್ಮಾ,

ಮೊನ್ನೆ ಊರಿಗೆ, ಸಿರುಮುಗೈಗೆ, ಹೋದಾಗ ನಿನ್ನ ರಾಟೆಯ ಮುಂದೆ ಕೂತೆ. ಅಲ್ಲೇ ತಾನೆ ನೀನು ನೂಲು ಸುತ್ತುತ್ತಾ ಹಾಡಿದ್ದು, ನಾನು ತಲೆ ಎತ್ತದೆ ಬರೆದುಕೊಂಡಿದ್ದು? ಅರವತ್ತೊಂದು ಹಾಡು. ತಮಿಳು ಬೆರೆತ ನಮ್ಮ ಮನೆಯ ಕನ್ನಡ, ಯಾವ ಪುಸ್ತಕದಲ್ಲೂ ಇಲ್ಲದ್ದು. ಆರ್.ಎಸ್. ಪುರಂನ ನನ್ನ ಆಫೀಸಿನ ಕಂಪ್ಯೂಟರಿಗೆ ಅವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿದೆ ಎಂದಾಗ ನೀನು ಹಾಳೆಗಳನ್ನು ಒಲೆಗೆ ಹಾಕಿದೆ. “ಮಿಷಿನ್ ಒಳಗ ಹೋಯ್ತಲ್ಲ ಕಣ್ಣು, ಇನ್ನು ಈ ಕುಪ್ಪೆ ಯಾಕ?” ನಾನು ಬೇಡ ಎನ್ನಲಿಲ್ಲ. ನನಗೆ ಯಾವಾಗ ಯಾರಿಗೆ ಬೇಡ ಎನ್ನಲು ಬಂದಿದೆ...

ಕಂಪ್ಯೂಟರಿನ ಡಿಸ್ಕ್ ತುಂಬಿದ ದಿನ ನಮ್ಮ ಹಿರಿಯ ಆಪರೇಟರು ಎಲ್ಲರೆದುರು ಕೂಗಿದರು: “ಏನ್ ಕವಿಞರೇ, ನಿಮ್ಮ ಪೆರಿಯಮ್ಮನ ಹಾಡುಕಚೇರಿ ಇನ್ನೂ ಮುಗೀಲಿಲ್ವಾ? ಜಾಗ ಬಿಡಿ!” ಎಲ್ಲರೂ ನಕ್ಕರು. ನಾಚಿಕೆಯಲ್ಲಿ ಅವಸರದಿಂದ ಒಂದು ಸಾಲು ಹೊಡೆದೆ:

nroff haadu | pr > acchu && rm haadu

ಮೊದಲನೆಯ ಕೆಲಸ ಸಾಲು ಹೊಂದಿಸಿ ಎರಡನೆಯದರ ಕೈಗೆ ಕೊಡಬೇಕು, ಎರಡನೆಯದು ಅಚ್ಚಿಗೆ ಪುಟ ಕಟ್ಟಬೇಕು. ಅದು ಸರಿಯಾದರೆ ಮಾತ್ರ ಮೂಲವನ್ನು ಅಳಿಸಬೇಕು. ‘ಸರಿಯಾದರೆ ಮಾತ್ರ’ ಅಂತ ನಾನೇ ಬರೆದಿದ್ದೆ, ದೊಡ್ಡಮ್ಮಾ. ಆದರೆ ಡಿಸ್ಕಿನಲ್ಲಿ ಜಾಗವಿಲ್ಲದೆ ಮೊದಲನೆಯದು ಬಿದ್ದುಹೋಯಿತು. ಎರಡನೆಯದಕ್ಕೆ ಏನೂ ಬರಲಿಲ್ಲ. ಆ ಏನೂ ಇಲ್ಲದ್ದನ್ನೇ ತಪ್ಪಿಲ್ಲದೆ ಪುಟ ಕಟ್ಟಿ ‘ಸರಿ’ ಎಂದಿತು. ಮಿಷಿನ್ ಕೇಳುವುದು ಕೊನೆಯವನನ್ನು ಮಾತ್ರ. ಹಾಡುಗಳನ್ನು ಅಳಿಸಿಬಿಟ್ಟಿತು.

ಬೀದಿಯುದ್ದ ನೂಲು ಹರವಿ ಗಂಜಿ ಹಚ್ಚುವ ಬೆಳಗ್ಗೆ, ಕೊನೆಯ ತುದಿಯಲ್ಲಿ ನಿಂತ ಚಿಕ್ಕಪ್ಪ ‘ಆಯ್ತು’ ಎಂದರೂ ನೀನು ನಂಬುತ್ತಿರಲಿಲ್ಲ. ಮೊದಲ ತುದಿಯಿಂದ ಒಬ್ಬೊಬ್ಬರನ್ನೂ ಕೇಳುತ್ತಾ ಬರುತ್ತಿದ್ದೆ. “ಅವನ ಕೈಗೆ ಬಂದದ್ದು ಅವನಿಗೆ ಗೊತ್ತು. ಬರದೇ ಇದ್ದದ್ದು?” ಅಷ್ಟು ವರ್ಷ ನೋಡಿದವನಿಗೆ ಆ ಹೊತ್ತು ಯಾಕೆ ಹೊಳೆಯಲಿಲ್ಲ?

ಮತ್ತೆ ಹಾಡಿಸೋಣ ಎಂದು ಓಡಿ ಬಂದರೆ ನಿನಗೆ ಉಬ್ಬಸ, ಮಾತೇ ಕಷ್ಟ.

“ಅಚ್ಚಾಯ್ತಾ, ಕಣ್ಣು?”

“ಹ್ಞೂಂ.”

“ಎಲ್ಲಾನುವಾ?”

“ಎಲ್ಲಾ.”

ನೀನು ಕಣ್ಣು ಮುಚ್ಚಿಕೊಂಡು ನಕ್ಕೆ. ಆ ನಗುವಿನ ಮುಂದೆ ನಾನು ಹೇಗೆ...

ಈಗ ಹೇಳುತ್ತೇನೆ. ಅಚ್ಚಾಗಿಲ್ಲ. ಒಂದೂ ಆಗಿಲ್ಲ. ಮೂರು ದಿನ ಬೀದಿಯ ಮುದುಕಿಯರ ಎದುರು ಪೆನ್ನು ಹಿಡಿದು ಕೂತೆ. ಒಂಬತ್ತು ಸಿಕ್ಕಿವೆ. ಹತ್ತನೆಯದರ ಒಂದು ಸಾಲು ಹಾಡಿ ಪಕ್ಕದ ಮನೆಯ ರಂಗಮ್ಮ ನಿಂತುಬಿಟ್ಟಳು. ಅವಳಿಗೀಗ ಮರೆವು. “ಮುಂದಕ ನಿಮ್ಮ ದೊಡ್ಡಮ್ಮಂಗೇ ಗೊತ್ತು. ಒಳಗ ಇದಾಳಲ್ಲ, ಹೋಗಿ ಕೇಳು” ಅಂದಳು.

ಒಳಗೆ ಹೋಗಿ, ಹಾರ ಹಾಕಿದ ನಿನ್ನ ಫೋಟೋದ ಮುಂದೆ ಆ ಒಂದು ಸಾಲು ಹೇಳಿದೆ, ದೊಡ್ಡಮ್ಮಾ.