ಕೈ ಮುಗಿದ ಪೈಲ್ವಾನನಿಗೆ

ಶಿವಯೋಗೀಶ,

ಮೇಲೆ ನಮಸ್ಕಾರ ಅಂತ ಬರೆದಿಲ್ಲ. ಇವತ್ತು ನೀನು ಮಾಡಿದ ನಮಸ್ಕಾರವೇ ಸಾಕು. ಈ ಪತ್ರ ಕಳಿಸುವುದೂ ಇಲ್ಲ, ಕಳಿಸಿದರೆ ಇದರಿಂದಲೂ ತಪ್ಪಿಸಿಕೊಳ್ಳುತ್ತೀ.

ಗೋಪನಕೊಪ್ಪದ ಕುಸ್ತಿ ಕಣದಲ್ಲಿ ನಿನಗೆ ನಿವೃತ್ತಿಯ ಸತ್ಕಾರ. ತಲೆಗೆ ರುಮಾಲು, ಹೆಗಲ ಮೇಲೆ ಬೆಳ್ಳಿ ಗದೆ. ಮೈಕು ಹಿಡಿದವನು ಕೂಗಿದ: "ಒಮ್ಮೆನೂ ಸೋಲದ ಪೈಲ್ವಾನ್ರು! ಇವ್ರಿಗೆ ಜೋಡಿ ಆಗಾವ್ರು ಯಾರರ ಅದಾರೇನ್ರಿ?" ಅದು ಮೆರೆಸುವ ಮಾತು, ಯಾರೂ ಉತ್ತರ ಕೊಡುವುದಿಲ್ಲ. ನಾನು ಅಂಗಿ ಕಳಚಿ ಮಣ್ಣಿಗೆ ಇಳಿದೆ. ನಿನ್ನ ಮುಂದೆ ನಿಂತು ಕೈ ಚಾಚಿದೆ. ಚಾಚಿದ ಕೈ ಹಿಡಿದರೆ ಕುಸ್ತಿಗೆ ಒಪ್ಪಿದಂತೆ, ನಿನಗೆ ಹೇಳಿಕೊಡಬೇಕೇ?

ಇಷ್ಟು ವರ್ಷ ನಾನು ಕುಸ್ತಿಗೆ ಕರೆದಾಗಲೆಲ್ಲ ನೀನು ಒಮ್ಮೆ ಮೊಣಕಾಲು ನೋವು ಅಂದೆ, ಒಮ್ಮೆ ತೂಕ ಹೊಂದುವುದಿಲ್ಲ ಅಂದೆ. ಇವತ್ತು ಗದೆ ಕೆಳಗಿಟ್ಟು ಎರಡೂ ಕೈ ಮುಗಿದೆ. ಎಂಥ ವಿನಯವೆಂದು ಜನ ಚಪ್ಪಾಳೆ ಹೊಡೆದರು.

ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಚಪ್ಪಾಳೆ ನಿಂತಿತು. ಆಗ ನಿನ್ನ ಮಗಳು ರಜನಿಯೇ ಕೇಳಿದಳು: "ಅಪ್ಪಾ, ಗಿರಿಯಪ್ಪ ಕಾಕಾ ಇನ್ನೂ ಕೈ ಚಾಚಿ ನಿಂತಾರ. ನೀ ಯಾಕ ಹಿಡೀಲಿಲ್ಲ?"

ಮೈಕು ಹತ್ತಿರವೇ ಇತ್ತು. ಇಡೀ ಕಣಕ್ಕೆ ಕೇಳಿಸಿತು. ನೀನು ನೆಲ ನೋಡಿದೆ. ನನಗೆ ಅಷ್ಟೇ ಬೇಕಿತ್ತು. ಅಂಗಿ ಹಾಕಿಕೊಂಡು ಮನೆಗೆ ಬಂದೆ.

ಗರಡಿಯಲ್ಲಿ ದಿನಾ ನಿನ್ನನ್ನು ಕೆಡವಿ, ಮತ್ತೆ ಇದೇ ಕೈ ಕೊಟ್ಟು ಎಬ್ಬಿಸುತ್ತಿದ್ದವನು ನಾನು. ಆಗ ನೀನು ಇದನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದೆ!

ಗಿರಿಯಪ್ಪ