ಬಿಟ್ಟ ಮಾತ್ರೆ

ಮಾರ್ಚ್ ೧೨, ಮಂಗಳವಾರ

ನನ್ನ ಗುಬ್ಬಿ,

ನಿನ್ನ ಕಾಗದ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲೇ ಕೂತು ನನ್ನನ್ನು ದಿನವೂ ನೋಡುತ್ತಿತ್ತು. ಉತ್ತರ ಬರೆಯಲು ತಡವಾಯಿತು, ಅಕ್ಕನ ಮೇಲೆ ಸಿಟ್ಟಾಗಬೇಡ. ನಿನ್ನ ಮಗಳ ಕೆಮ್ಮು ಇಳಿಯಿತೇ?

ನನಗೂ ಮೈ ಸರಿಯಿರಲಿಲ್ಲ. ಅಮ್ಮ ಇದ್ದಾಗಲೇ ಶುರುವಾಗಿದ್ದ ಖಿನ್ನತೆಯ ಮಾತ್ರೆಯನ್ನು ಯಾರಿಗೂ ಹೇಳದೆ ಒಮ್ಮೆಲೇ ಬಿಟ್ಟುಬಿಟ್ಟೆ. ಆಮೇಲೆ ವಾಕರಿಕೆ, ಬೆವರು. ಕಣ್ಣು ಆ ಕಡೆ ಈ ಕಡೆ ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ. ಅಂಗಡಿಯಲ್ಲಿ ಒಂದು ಕೋಟಿನ ಎಡತೋಳನ್ನು ಬಲಕ್ಕೆ ಕೂಡಿಸಿದೆ. ಕಟಿಂಗ್ ಮಾಸ್ಟರ್ ಅದನ್ನು ಎತ್ತಿ ಹಿಡಿದು, “ಏನಕ್ಕಾ, ಈ ಗಿರಾಕಿ ಹಿಂದಕ್ಕೆ ನಡೀತಾನಾ?” ಅಂದರು. ನಗಲು ಹೋಗಿ ಮೇಜು ಹಿಡಿದುಕೊಂಡೆ. ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿಯ ನರ್ಸಮ್ಮ ಬೈಯಲಿಲ್ಲ. ಬಿಪಿ ನೋಡಿದರು. “ಸಾಯೋ ಯೋಚನೆ ಏನಾದ್ರೂ ಬಂತಾ?” ಎಂದು ನೇರವಾಗಿಯೇ ಕೇಳಿದರು. ಇಲ್ಲ ಅಂದೆ, ಅದು ನಿಜ. “ಬಂದ್ರೆ ಆ ಕ್ಷಣವೇ ಹೇಳ್ಬೇಕು,” ಅಂದರು. “ಯಾಕೆ ಬಿಟ್ರಿ?” ಅಂದಾಗ, “ಹುಷಾರಾಗಿದೀನಿ ಅನ್ನಿಸ್ತು,” ಅಂದೆ. “ತುಂಬಾ ಜನ ಹಾಗೇ ಹೇಳ್ತಾರೆ,” ಎಂದು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

“ತಟ್ಟನೆ ಬಿಟ್ಟಿದ್ದಕ್ಕೆ ಮೈ ಹೀಗಾಡ್ತಿರಬಹುದು. ಹಳೇ ಕಾಯಿಲೆ ಬಂತೋ ಇಲ್ವೋ ಡಾಕ್ಟರ್ ನೋಡಿ ಹೇಳ್ತಾರೆ. ತಪ್ಪಿದ ಮಾತ್ರೆನೆಲ್ಲ ಒಟ್ಟಿಗೆ ನುಂಗೋಕೆ ಹೋಗ್ಬೇಡಿ ಮತ್ತೆ. ನಿಲ್ಲಿಸೋದೇ ಆದ್ರೆ ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸ್ಬೇಕು.”

“ಹೊಲಿಗೆ ಬಿಚ್ಚೋ ಹಾಗೆ,” ಅಂದೆ. “ಎಳೆದ್ರೆ ಬಟ್ಟೆನೇ ಹರಿಯುತ್ತೆ.”

ಅವರು ನಕ್ಕರು. ಡಾಕ್ಟರು ಮತ್ತೆ ಮಾತ್ರೆ ಶುರು ಮಾಡಿಸಿದ್ದಾರೆ. ತಲೆ ಈಗ ನನ್ನ ಮಾತು ಕೇಳುತ್ತಿದೆ. ಆ ಕೋಟಿನ ತೋಳನ್ನೂ ಬಿಚ್ಚಿ ಸರಿ ಮಾಡಿದೆ.

ಮಗುವಿಗೆ ನನ್ನ ಮುತ್ತು. ನಿನ್ನ ಮನೆ ತಣ್ಣಗಿರಲಿ, ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಹುಷಾರಾಗಿದ್ದೇನೆಂದು ಬಿಟ್ಟಿದ್ದಲ್ಲ. ಅಮ್ಮನನ್ನು ಕಳಿಸಿಕೊಟ್ಟ ದಿನ ನೀನು ಅತ್ತು ಅತ್ತು ಸೋತು, ನನ್ನ ಒಣ ಕಣ್ಣು ನೋಡಿ, “ನಿಂಗೇನಕ್ಕಾ, ನಿಂಗೆ ಮಾತ್ರೆ ಇದೆ,” ಅಂದೆಯಲ್ಲ. ಮಾತ್ರೆ ಬಿಟ್ಟರೆ ಅಳು ಬಂದೀತು ಅಂದುಕೊಂಡೆ. ಉಳಿದದ್ದೆಲ್ಲ ಬಂತು, ಅದೊಂದು ಬರಲಿಲ್ಲ. ಮೊನ್ನೆ ಮತ್ತೆ ಆಸ್ಪತ್ರೆಗೆ ಹೋದಾಗ ನರ್ಸಮ್ಮನಿಗೆ ಇದನ್ನೂ ಹೇಳಿದೆ. “ಅಳು ಬರದೇ ಇರೋದನ್ನೂ ಡಾಕ್ಟರ್‌ಗೆ ಹೇಳೋಣ, ನಾನೂ ಜೊತೇಲಿರ್ತೀನಿ,” ಅಂದರು.

ನೀನು ದುಃಖದಲ್ಲಿ ಆಡಿದ ಮಾತು, ನನಗೆ ಗೊತ್ತು. ಅಮ್ಮನ ಸ್ವೆಟರಿನ ಮೊಣಕೈ ಹರಿದಿದೆ. ಊರವರ ಬಟ್ಟೆಯನ್ನೆಲ್ಲ ಹೊಲಿಯುತ್ತೇನೆ, ಇದಕ್ಕೆ ಮಾತ್ರ ಸೂಜಿ ಇಡಲಾಗುತ್ತಿಲ್ಲ. ಒಮ್ಮೆ ಬಾ, ಇಬ್ಬರೂ ಕೂತು ಹೊಲಿಯೋಣ. ಅಲ್ಲಿಯವರೆಗೆ ನನ್ನ ಪಾಲಿನದನ್ನೂ ನೀನೇ ಅತ್ತಿರು.